ಗುಬ್ಬಿಗಳ ಮೇಲೆ ಬಂದ ಕಳ್ಳತನ

ಒಡೆದ ಕುಡಿಕೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಹೆಂಗಸು ಗಡಿಯಾರದಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಾಗ ಹುಣಸೂರಿನ ಪೇಟೆಬೀದಿಯಲ್ಲಿ ಅರ್ಧ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಭಾನುವಾರವಾದ್ದರಿಂದ ಗೋವಿಂದಯ್ಯ ಮೇಷ್ಟರಿಗೆ ಶಾಲೆ ಇರಲಿಲ್ಲ. ಅವರು ಎಂದಿನಂತೆ ಅಂಗಡಿಯ ಮೂಲೆಯ ಮುಕ್ಕಾಲಿಯ ಮೇಲೆ ಕೂತು, ಶಂಶುದ್ದೀನ್ ಸಾಹೇಬರು ಗಡಿಯಾರಗಳ ಹೊಟ್ಟೆ ಬಗೆಯುವುದನ್ನು ನೋಡುತ್ತಿದ್ದರು. ಇಬ್ಬರ ಸ್ನೇಹ ಹೆಚ್ಚಾಗಿ ಮಾತಿಲ್ಲದೆ ಬೆಳೆದದ್ದು. ಒಂದು ಗಂಟೆ ಸುಮ್ಮನೆ ಕೂತು, ಒಂದು ಲೋಟ ಟೀ ಕುಡಿದು, ಎದ್ದು ಹೋದರೂ ಮೇಷ್ಟರಿಗೆ ಏನೋ ಮಾತಾಡಿ ಬಂದ ಸಮಾಧಾನವಾಗುತ್ತಿತ್ತು.

ಆ ಅಂಗಡಿಯಲ್ಲಿ ಓಡದ ಗಡಿಯಾರ ಒಂದೇ ಒಂದು. ಗೋಡೆಯ ಮೇಲಿನ ದೊಡ್ಡ ಗಡಿಯಾರ ನಾಲ್ಕೂಕಾಲಕ್ಕೆ ನಿಂತು ಎರಡು ವರ್ಷವಾಗಿತ್ತು. ಅದರ ಲೋಲಕದ ಗೂಡಿನಲ್ಲಿ ಗುಬ್ಬಿಯೊಂದು ಸಂಸಾರ ಹೂಡಿತ್ತು. ಯಾಕೆ ರಿಪೇರಿ ಮಾಡಿಲ್ಲ ಎಂದು ಗಿರಾಕಿಗಳು ಕೇಳಿದರೆ, ಬಾಡಿಗೆಗೆ ಕೊಟ್ಟುಬಿಟ್ಟಿದ್ದೇನೆ ಅನ್ನುತ್ತಿದ್ದರು ಸಾಹೇಬರು. ಪೊಲೀಸರವರೆಗೆ ಒಯ್ಯಲಾಗದ ಸಣ್ಣ ಕಳವು, ಸಣ್ಣ ಸುಳ್ಳು, ಮನೆಯೊಳಗಿನ ಗುಟ್ಟುಗಳು ಸುತ್ತಲ ಹಳ್ಳಿಗಳಿಂದ ಆ ಮೆಟ್ಟಿಲಿಗೆ ಬರುತ್ತಿದ್ದವು. ಬಂದವರು ಬರಿಗೈಯಲ್ಲಿ ಹೋದದ್ದು ಕಡಿಮೆ.

ಹೆಂಗಸಿನ ಹೆಸರು ಚಿಕ್ಕಸಿದ್ದಮ್ಮ. ಊರು ಕಟ್ಟೆಮಳಲವಾಡಿ. ಮೂರು ವರ್ಷದ ಹಿಂದೆ ಲಕ್ಷ್ಮಣತೀರ್ಥ ಉಕ್ಕಿ ಗದ್ದೆಗಳ ಬತ್ತವೆಲ್ಲ ಮಲಗಿದಾಗ ಅವಳ ಗದ್ದೆಯ ಮೂಲೆಯಲ್ಲಿ ಏಳೆಂಟು ತೆಂಡೆ ಪೈರು ಮಾತ್ರ ನೆಟ್ಟಗೆ ನಿಂತಿದ್ದವಂತೆ. ಕಾಳಿನ ತುದಿ ಕೆಂಪು. ಅಂಥ ಬತ್ತ ಊರಲ್ಲಿ ಯಾರಲ್ಲೂ ಇರಲಿಲ್ಲ. ಆ ತೆನೆಗಳನ್ನೇ ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಈ ವರ್ಷ ಒಂದು ದೊಡ್ಡ ಗೊಂಚಲಾಗುವಷ್ಟು ಮಾಡಿದ್ದಳು. ಆ ಊರ ಪದ್ಧತಿಯಂತೆ ಬೀಜದ ಗೊಂಚಲನ್ನು ಜಗಲಿಯ ಹೊರತೊಲೆಗೆ ನೇತುಹಾಕಿದ್ದಳು. ಗುಬ್ಬಿಗಳು ಅದರಲ್ಲಿ ಹತ್ತಿಪ್ಪತ್ತು ಕಾಳು ತಿಂದರೆ ಅದು ಗುಬ್ಬಿ ಪಾಲು. ಉಳಿದದ್ದು ಒಟ್ಲಿಗೆ, ಅಂದರೆ ಸಸಿ ಬೆಳೆಸುವ ಮಡಿಗೆ. ಗುಬ್ಬಿ ಗೂಡು ಕಟ್ಟಲೆಂದು ಸೂರಿಗೆ ಕುಡಿಕೆ ತೂಗುಹಾಕುವುದನ್ನು ಊರಿಗೆಲ್ಲ ಕಲಿಸಿದವಳೂ ಅವಳೇ.

ಮೊನ್ನೆ ಶುಕ್ರವಾರ ಊರ ಗಂಡಸರೆಲ್ಲ ಕಾಲುವೆಯ ಹೂಳು ತೆಗೆಯಲು ಹೋಗಿದ್ದರು. ಹೆಂಗಸರು ಅವರಿಗೆ ಬುತ್ತಿ ಹೊತ್ತಿದ್ದರು. ಇವಳು ಜಗಲಿಗೆ ಸಗಣಿ ಸಾರಿಸಿ, ಅದು ಆರುವ ಮೊದಲೇ ಬುತ್ತಿ ಹೊತ್ತು ಹೋದವಳು, ಸಂಜೆ ಬಂದು ನೋಡಿದರೆ ಗೊಂಚಲಿನಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಒಂದು ಕಾಳೂ ಇಲ್ಲ. ಗುಬ್ಬಿ ತಿಂದು ಮುಗಿಸಿದವು ಎಂದಿತು ಊರು. ಗುಬ್ಬಿಗೆ ಮನೆ ಕಟ್ಟಿಕೊಟ್ಟವಳಿಗೆ ಗುಬ್ಬಿಯೇ ಪಾಠ ಕಲಿಸಿತು ಎಂದು ಕೆಲವರು ನಕ್ಕರು. ಶನಿವಾರ ಪಟೇಲರ ಮನೆಯಲ್ಲಿ, ಕುಡಿಕೆಗಳನ್ನೆಲ್ಲ ಕೀಳಬೇಕೆಂದು ತೀರ್ಮಾನವೂ ಆಯಿತು. ಅವಸರದವರೊಬ್ಬರು ಅಂದೇ ಒಂದು ಕುಡಿಕೆ ಕಿತ್ತು ಒಗೆದರು. ಸೆರಗಿನಲ್ಲಿದ್ದದ್ದು ಅದರ ಚೂರುಗಳು.

"ಬತ್ತ ವೋದ್ರೆ ವೋಗ್ಲಿ ಸಾಬ್ರೇ, ಇನ್ನೊಂದ್ ಮೂರ್ ವರ್ಸ ಕಾಯ್ತೀನಿ," ಎಂದಳು ಚಿಕ್ಕಸಿದ್ದಮ್ಮ. "ಬಾಯಿಲ್ದ ಜೀವದ ಮ್ಯಾಲೆ ಕಳ್ತನ ಒರಿಸವ್ರೆ. ನಾಳೆ ವೊತ್ತುಟ್ಟೋದ್ರೊಳ್ಗೆ ಊರ್ನಾಗಿರೋ ಕುಡಿಕೆಯೆಲ್ಲಾ ಕಿತ್ತಾಕ್ತಾರಂತೆ. ಒಳ್ಗೆ ಮರಿ ಅವೆ. ಕಣ್ಣೂ ಬುಟ್ಟಿಲ್ಲ."

ಸಾಹೇಬರು ಕಣ್ಣಿನ ಮಸೂರ ತೆಗೆದಿಟ್ಟರು. ಕುಡಿಕೆಯ ಚೂರನ್ನು ಕೈಗೆತ್ತಿಕೊಂಡು, ಅದಕ್ಕೆ ಅಂಟಿದ್ದ ಹುಲ್ಲಿನ ಎಸಳನ್ನು ಬಹಳ ಹೊತ್ತು ನೋಡಿದರು.

"ಜಗಲಿಯನ್ನು ಆಮೇಲೆ ಸಾರಿಸಿದಿರಾ ತಾಯಿ?"

"ಇಲ್ಲ. ಮನಸೇ ಬರ್ನಿಲ್ಲ. ಬರೀ ಗುಡಿಸಿವ್ನಿ."

"ಹಾಗಾದರೆ ಈಗಲೇ ಹೊರಡೋಣ," ಎಂದು ಸಾಹೇಬರು ಟೋಪಿ ಹಾಕಿಕೊಂಡರು.

ಜಟಕಾ ಊರು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಚಿಕ್ಕಸಿದ್ದಮ್ಮನ ಮನೆಯ ಮುಂದೆ ಇಳಿದ ಸಾಹೇಬರು ಮೊದಲು ನೋಡಿದ್ದು ನೆಲವನ್ನು. ಸಗಣಿ ಒಣಗಿ, ಅವಳ ಬೆರಳು ಎಳೆದ ಅರ್ಧಚಂದ್ರದ ಗೆರೆಗಳು ಹಾಗೇ ಉಳಿದಿದ್ದವು. ಹಸಿ ಇದ್ದಾಗ ಓಡಾಡಿದ ಒಂದು ಕೋಳಿಯ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ಸಾಹೇಬರು ಮಂಡಿಯೂರಿ, ತೊಲೆಯ ಕೆಳಗಿನ ನೆಲವನ್ನು ಮಸೂರ ಹಿಡಿದು ಗೇಣು ಗೇಣಾಗಿ ನೋಡಿದರು. ಆಮೇಲೆ ಬೀದಿಗಿಳಿದು, ನಿಂತಲ್ಲಿಂದಲೇ ತೊಲೆಗೆ ಕೈಚಾಚಿದರು. ಸಲೀಸಾಗಿ ಎಟುಕಿತು. ಬರಿದಾದ ಗೊಂಚಲನ್ನು ಬಿಚ್ಚಿ ಮೇಷ್ಟರ ಕೈಗೆ ಕೊಟ್ಟರು. ಅದರ ಎಳೆಗಳೆಲ್ಲ ಬುಡದಿಂದ ತುದಿಯ ಕಡೆಗೆ ಬಾಚಿದಂತೆ ಒಂದೇ ಕಡೆ ಬಾಗಿದ್ದವು.

ಬಳಿಕ ಮೇಷ್ಟರಿಗೆ ವಿಚಿತ್ರವಾದ ಕೆಲಸ ಬಿತ್ತು. ಸೂರಿನ ಕುಡಿಕೆಯ ಎದುರು ಕೂತು, ಅರ್ಧ ಗಂಟೆಯಲ್ಲಿ ತಾಯಿತಂದೆ ಗುಬ್ಬಿ ಎಷ್ಟು ಸಲ ಬಂದವು, ಕೊಕ್ಕಿನಲ್ಲಿ ಏನಿತ್ತು ಎಂದು ಬರೆಯಬೇಕು. ಮೇಷ್ಟರು ನಿತ್ಯ ಗುಬ್ಬಿ ಕಂಡವರೇ, ಆದರೆ ನೋಡಿದ್ದು ಅಂದೇ ಮೊದಲು. ಗಂಡಿನ ಕತ್ತಿನ ಕೆಳಗೆ ಮಸಿ ಒರೆಸಿದಂತೆ ಕಪ್ಪು. ಹೆಣ್ಣು ಬಂದು ಕೂತೊಡನೆ ಕುಡಿಕೆಯೊಳಗಿನಿಂದ ಸಣ್ಣ ಗೆಜ್ಜೆ ಕದಲಿಸಿದಂಥ ಸದ್ದು. ಅದು ನಿಂತಾಗ ಬರುವ ಮೌನ ಅವರಿಗೆ ಬಹಳ ಹಿಡಿಸಿತು. ಹದಿನಾಲ್ಕು ಸಲ ಬಂದವು. ಹದಿನಾಲ್ಕು ಸಲವೂ ಕೊಕ್ಕಿನಲ್ಲಿದ್ದದ್ದು ಹಸಿರು ಹುಳ.

ಅಷ್ಟರಲ್ಲಿ ಸಾಹೇಬರು ನೀರಗಂಟಿ ಮಂಟಯ್ಯನನ್ನು ಹಿಡಿದಿದ್ದರು. ಕಾಲುವೆ ಕೆಲಸಕ್ಕೆ ಮನೆಗೊಬ್ಬನಂತೆ ಜನ ಎಬ್ಬಿಸುವವನು ಅವನೇ. ಶುಕ್ರವಾರ ಮಧ್ಯಾಹ್ನ ಕೆಲಸದ ನಡುವೆ ಊರಿಗೆ ಬಂದವರು ಮೂವರೇ ಎಂದು ಅವನು ನೆನೆಸಿಕೊಂಡ. ಮೇಕೆಗೆ ಸೊಪ್ಪು ಹಾಕಲು ಸಣ್ಣಬೀರಯ್ಯ. ಜ್ವರ ಎಂದು ಷಣ್ಮುಖಪ್ಪ. ಗುದ್ದಲಿಯ ಕಾವು ಮುರಿಯಿತೆಂದು ಪುಟ್ಟಮಲ್ಲಪ್ಪ. ಸಣ್ಣಬೀರಯ್ಯನಿಗೂ ಚಿಕ್ಕಸಿದ್ದಮ್ಮನಿಗೂ ಮೇಕೆ ಗದ್ದೆಗೆ ನುಗ್ಗಿದ್ದಕ್ಕೆ ಹಳೆಯ ಜಗಳ. ಕುಡಿಕೆ ಕಿತ್ತು ಒಗೆದವನೂ ಅವನೇ. ಮೇಷ್ಟರು ಮನಸ್ಸಿನಲ್ಲೇ ಅವನಿಗೆ ಶಿಕ್ಷೆ ಬರೆದುಬಿಟ್ಟರು.

ಸಾಹೇಬರು ಮಾತ್ರ ಬೀದಿಯ ಉದ್ದಕ್ಕೂ ತಿರುಗಾಡೋಣ ಎಂದರು. ಎರಡು ದಿನದಲ್ಲಿ ಊರಿಗೆ ಹೆದರಿಕೆ ಹಿಡಿದಿತ್ತು. ಸಣ್ಣಬೀರಯ್ಯ ತನ್ನ ಬೀಜದ ಗೊಂಚಲಿಗೆ ಬಿದಿರ ಕುಕ್ಕೆ ಕವುಚಿದ್ದ. ಷಣ್ಮುಖಪ್ಪನ ಮನೆಯವರು ಗೊಂಚಲನ್ನು ಅಟ್ಟಕ್ಕೆ ಸೇರಿಸಿದ್ದರು. ಕೆಲವರು ಹಳೆಯ ಸೀರೆ ಸುತ್ತಿದ್ದರು. ಪಟೇಲರ ಮನೆಯ ಗೊಂಚಲು ದೇವರ ಕೋಣೆ ಸೇರಿತ್ತು. ಪುಟ್ಟಮಲ್ಲಪ್ಪನ ಜಗಲಿಯಲ್ಲಿ ಕತ್ತಾಳೆ ನಾರಿನಿಂದ ಬಿಗಿದ ಗೊಂಚಲೊಂದು ತೂಗುತ್ತಿತ್ತು. ಎರಡು ಗುಬ್ಬಿ ಅದರ ಮೇಲೆ ಕೂತು ಕಾಳು ಬಿಡಿಸುತ್ತಿದ್ದವು. ಸಾಹೇಬರು ಅಲ್ಲಿ ನೀರು ಕೇಳಿ ಕುಡಿದು, ಆ ಗುಬ್ಬಿಗಳನ್ನು ಮಗುವಿನಂತೆ ನೋಡುತ್ತ ನಿಂತರು. ಕೆಳಗೆ ಉದುರಿದ ಹೊಟ್ಟನ್ನು ಒಂದು ಚಿಟಿಕೆ ಕರವಸ್ತ್ರದಲ್ಲಿ ಕಟ್ಟಿಕೊಂಡರು.

"ಸಾಬ್ರು ಕಳ್ಳನ್ನ ಇಡೀತಾರೆ ಅಂದ್ರು, ಇಲ್ನೋಡುದ್ರೆ ಕಳ್ಳರ್ ಮುಖ ನೋಡ್ಕಂಡು ನಿಂತವ್ರೆ," ಎಂದು ಪುಟ್ಟಮಲ್ಲಪ್ಪ ನಕ್ಕ. ಕುಡಿಕೆ ಕೀಳಬೇಕೆಂದು ಶನಿವಾರ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವನು. ಸಾಹೇಬರೂ ನಕ್ಕರು. ಆಮೇಲೆ ಆ ಮನೆಯ ಪಕ್ಕದ ಸಂದಿಯಿಂದ ಹಿತ್ತಿಲ ಕಡೆಗೆ ಇಳಿದರು. ತಿಪ್ಪೆಯ ಅಂಚಿನಲ್ಲಿ ಇನ್ನೊಂದು ಗುಬ್ಬಿ ಹಿಂಡು ಏನನ್ನೋ ಕೆದಕುತ್ತಿತ್ತು. ಅವು ಹಾರಿಹೋದ ಮೇಲೆ ಸಾಹೇಬರು ಬಗ್ಗಿ, ಅಲ್ಲಿಂದಲೂ ಏನನ್ನೋ ಆಯ್ದು ಕರವಸ್ತ್ರದ ಇನ್ನೊಂದು ತುದಿಗೆ ಕಟ್ಟಿದರು. 

ಮೂರು ಗಂಟೆಗೆ ಪಟೇಲ ಮುದ್ದಯ್ಯನವರು ಬಂದು ಚಿಕ್ಕಸಿದ್ದಮ್ಮನ ಜಗಲಿಯ ಮೇಲೆ ಕೂತರು. ಬೀದಿಯಲ್ಲಿ ಊರು ನೆರೆಯಿತು. ಶುಕ್ರವಾರ ಮಧ್ಯಾಹ್ನ ಊರಿಗೆ ಬಂದಿದ್ದ ಮೂವರನ್ನೂ ಮನೆಯವರೊಡನೆ ಕರೆಸಲಾಗಿತ್ತು. ಷಣ್ಮುಖಪ್ಪ ಕಂಬಳಿ ಹೊದ್ದೇ ಬಂದಿದ್ದ.

ಸಾಹೇಬರು ಮೊದಲು ಕರವಸ್ತ್ರದ ಒಂದು ಗಂಟು ಬಿಚ್ಚಿದರು.

"ಇದು ಗುಬ್ಬಿ ತಿಂದು ಬಿಟ್ಟ ಹೊಟ್ಟು. ಗುಬ್ಬಿ ಬತ್ತವನ್ನು ಇಡಿಯಾಗಿ ನುಂಗುವುದಿಲ್ಲ. ಕೂತಲ್ಲೇ ಸಿಪ್ಪೆ ಬಿಡಿಸಿ, ಅಕ್ಕಿ ತಿಂದು, ಸಿಪ್ಪೆ ಕೆಳಗೆ ಉದುರಿಸುತ್ತದೆ. ಶುಕ್ರವಾರ ಈ ನೆಲ ಹಸಿ ಸಗಣಿ. ಅಷ್ಟು ಕಾಳನ್ನು ಗುಬ್ಬಿಗಳು ತಿಂದಿದ್ದರೆ ಇಲ್ಲಿ ಸಾವಿರಾರು ಸಿಪ್ಪೆ ಅಂಟಿರಬೇಕು. ಎಷ್ಟು ಗುಡಿಸಿದರೂ ಹೋಗುವಂಥದಲ್ಲ. ನೋಡಿ. ಒಂದೂ ಇಲ್ಲ."

ಪಟೇಲರು ಬಗ್ಗಿ ನೋಡಿದರು. ಹಿಂದೆಯೇ ನಾಲ್ಕು ಜನ ಬಗ್ಗಿದರು.

ಗೊಂಚಲಿನ ಕಡ್ಡಿಯನ್ನೂ ಸಾಹೇಬರು ತೋರಿಸಿದರು. ಹಕ್ಕಿ ಒಂದೊಂದೇ ಕಾಳು ಕಿತ್ತರೆ ಎಳೆ ಹೀಗೆ ಬಾಚಿದಂತಾಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಸೆಳೆದರೆ ಮಾತ್ರ ಹೀಗಾಗುತ್ತದೆ. ಸೆಳೆದವನು ಬೀದಿಯಲ್ಲೇ ನಿಂತಿದ್ದರಿಂದ ಜಗಲಿಯ ಮೇಲೆ ಹೆಜ್ಜೆ ಮೂಡಿಲ್ಲ. ಮೇಷ್ಟರು ಬರೆದದ್ದನ್ನು ಓದಿದರು. ಅರ್ಧ ಗಂಟೆಗೆ ಹದಿನಾಲ್ಕು ಹುಳ. ಬೆಳಗಿಂದ ಸಂಜೆಗೆ ಮುನ್ನೂರರ ಮೇಲೆ, ಒಂದೇ ಕುಡಿಕೆಗೆ. ಬತ್ತದ ಕಾಳು ಒಂದೂ ಇಲ್ಲ.

"ಹೂಂ, ಓಗ್ಲಿ," ಎಂದ ಪುಟ್ಟಮಲ್ಲಪ್ಪ. "ಗಡಿಯಾರದ ಮುಳ್ಳು ನೋಡೋರ್ಗೆ ಬತ್ತದ ಮುಳ್ಳು ಏನ್ ಗೊತ್ತಾದಾತು ಅಂತಿದ್ದೆ. ಗುಬ್ಬಿ ಅಲ್ಲ ಅಂದ್ರೆ ಯಾರು, ಅದ್ನೂ ಯೋಳಿ ಮತ್ತೆ."

ಎಲ್ಲರ ಕಣ್ಣು ಸಣ್ಣಬೀರಯ್ಯನ ಮೇಲೆ ಹೋಯಿತು. ಅವನು ತಲೆ ತಗ್ಗಿಸಿದ.

"ಸಣ್ಣಬೀರಯ್ಯ ಗುಬ್ಬಿಗಳ ಮೇಲೆ ನಿಜವಾಗಿ ಸಿಟ್ಟಾಗಿದ್ದರು," ಎಂದರು ಸಾಹೇಬರು. "ತಮ್ಮ ಬೀಜಕ್ಕೆ ಕುಕ್ಕೆ ಕವುಚಿದ್ದಾರೆ. ಷಣ್ಮುಖಪ್ಪನವರ ಮನೆಯಲ್ಲಿ ಅಟ್ಟಕ್ಕೇರಿಸಿದ್ದಾರೆ. ಉಳಿದವರೂ ಬೀಜ ಮುಚ್ಚಿಟ್ಟಿದ್ದಾರೆ. ಗುಬ್ಬಿ ಒಂದೇ ಹಗಲಲ್ಲಿ ಗೊಂಚಲು ಬರಿದು ಮಾಡುತ್ತದೆ ಎಂದು ನಂಬಿದವರು ಇನ್ನೇನು ಮಾಡುತ್ತಾರೆ? ಒಂದು ಮನೆಯಲ್ಲಿ ಮಾತ್ರ ಗೊಂಚಲು ಹಾಗೇ ತೂಗುತ್ತಿದೆ, ಗುಬ್ಬಿಗಳೂ ಕೂತಿವೆ. ಆ ಮನೆಯವರಿಗೆ ಹೆದರಿಕೆಯಿಲ್ಲ. ಯಾಕೆಂದರೆ ಗುಬ್ಬಿ ತಿಂದಿಲ್ಲ ಎಂಬುದು ಅವರೊಬ್ಬರಿಗೇ ಗೊತ್ತು. ಈ ಹೊಟ್ಟು ಆಯ್ದದ್ದು ಅಲ್ಲೇ."

ಮೇಷ್ಟರಿಗೆ ಕತ್ತಾಳೆ ನಾರಿನ ಗೊಂಚಲು ಕಣ್ಣ ಮುಂದೆ ತೂಗಿದಂತಾಯಿತು. ತಾವೂ ಅಲ್ಲೇ ನಿಂತಿದ್ದರು, ಅದನ್ನೇ ನೋಡಿದ್ದರು.

"ಅದೇನ್ ಸಾಕ್ಸಿನಾ?" ಎಂದ ಪುಟ್ಟಮಲ್ಲಪ್ಪ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ನಂಗೆ ಮುಚ್ಚಕ್ಕೆ ಪುರುಸೊತ್ತಾಗ್ನಿಲ್ಲ."

ಸಾಹೇಬರು ಎರಡನೆಯ ಗಂಟು ಬಿಚ್ಚಿ ಪಟೇಲರ ಅಂಗೈಗೆ ಸುರಿದರು. ಏಳೆಂಟು ಜೊಳ್ಳು ಕಾಳು. ಪ್ರತಿಯೊಂದರ ತುದಿಯೂ ಕೆಂಪು.

ಬೀಜವನ್ನು ಮೊಳಕೆಗೆ ನೆನೆಹಾಕಿದಾಗ ಜೊಳ್ಳು ತೇಲುತ್ತದೆ, ತೇಲಿದ್ದನ್ನು ಬಳಿದು ಹಿತ್ತಿಲಿಗೆ ಚೆಲ್ಲುತ್ತಾರೆ. ಅದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿದ್ದದ್ದೇ. ಚೆಲ್ಲಿದವನಿಗೆ ಅದು ಕಸ. ಅದರಲ್ಲೂ ಅರ್ಧ ತುಂಬಿದ ಕಾಳಿರುತ್ತದೆ ಎಂದು ಗೊತ್ತಿರುವುದು ಗುಬ್ಬಿಗೆ. ಹಿತ್ತಿಲಲ್ಲಿ ಗುಬ್ಬಿ ಹಿಂಡು ಕೆದಕುತ್ತಿರದಿದ್ದರೆ ತಾವು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಎಂದರು ಸಾಹೇಬರು. ಯಾರ ಮೇಲೆ ಕಳ್ಳತನ ಹೊರಿಸಿದರೋ ಅವೇ ಬಂದು ಕಳವಿನ ಮಾಲು ತೋರಿಸಿದ್ದವು.

ಆಮೇಲೆ ಅವರು ಮಾತು ನಿಲ್ಲಿಸಿದರು. ಕೈ ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಜಗಲಿಯ ಅಂಚಿಗೆ ಕೂತು ಕರವಸ್ತ್ರ ಮಡಿಸತೊಡಗಿದರು.  ಸೂರಿನ ಕುಡಿಕೆಯೊಳಗಿನ ಚಿಲಿಪಿಲಿ ಮಾತ್ರ ಎಲ್ಲರಿಗೂ ಕೇಳುವಂತಿತ್ತು.

ಮೊದಲು ಕದಲಿದ್ದು ಹೆಂಗಸರ ಗುಂಪಿನಲ್ಲಿದ್ದ ಚೆಲುವಮ್ಮ, ಪುಟ್ಟಮಲ್ಲಪ್ಪನ ಹೆಂಡತಿ. ಮನೆಯ ಕಡೆ ಹೋದವಳು, ಹುಲ್ಲು ಮುಚ್ಚಿದ ಬುಟ್ಟಿಯೊಂದನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು ಚಿಕ್ಕಸಿದ್ದಮ್ಮನ ಮುಂದೆ ಇಳಿಸಿದಳು. ಹುಲ್ಲು ಸರಿಸಿದರೆ ಒಳಗೆ ಕೆಂಪು ತುದಿಯ ಬತ್ತ. ಒಂದೊಂದು ಕಾಳಿನಲ್ಲೂ ಎಳ್ಳಿನಷ್ಟು ಬಿಳಿ ಮೊಳಕೆ ಮೂಡಿತ್ತು.

"ಸಂತೇಲಿ ತಂದಿವ್ನಿ ಅಂದಿದ್ದ ಕಣಕ್ಕ," ಎಂದಳು. "ನಾನೇ ನೆನೆಹಾಕ್ದೆ, ನಾನೇ ಜೊಳ್ಳು ಚೆಲ್ದೆ."

ಪುಟ್ಟಮಲ್ಲಪ್ಪ ನಿಂತಲ್ಲೇ ಕುಕ್ಕರಿಸಿದ. ಅವನ ಗದ್ದೆ ಹೊಳೆಯಂಚಿನದು. ಎರಡು ವರ್ಷ ಬತ್ತ ಮಲಗಿ ಕೊಳೆತಿತ್ತು. ಸುಗ್ಗಿಯಲ್ಲಿ ಒಂದು ಪಾವು ಬೀಜ ಕೇಳಿದ್ದ. ತಾನು ಒಟ್ಲು ಹಾಕುವ ಮೊದಲು ಬೀಜ ಹೊರಗೆ ಕೊಡುವುದು ಪದ್ಧತಿಯಲ್ಲ, ಬರುವ ವರ್ಷ ನೋಡೋಣ ಎಂದಿದ್ದಳು ಚಿಕ್ಕಸಿದ್ದಮ್ಮ. ಶುಕ್ರವಾರ ಗುದ್ದಲಿಕಾವಿಗೆ ಬಂದವನಿಗೆ ಖಾಲಿ ಬೀದಿ, ಕೈಗೆಟುಕುವ ಗೊಂಚಲು ಕಂಡವು. ಗುಬ್ಬಿಯ ಮೇಲೆ ಹಾಕಿದರೆ ಮನುಷ್ಯರನ್ನು ಯಾರೂ ಹುಡುಕುವುದಿಲ್ಲ ಎಂದುಕೊಂಡ. ಕುಡಿಕೆ ಕೀಳುವ ಮಾತು ತಾನು ಎತ್ತಿದ್ದಲ್ಲ, ಬೇರೆಯವರು ಎತ್ತಿದಾಗ ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ಗಟ್ಟಿಯಾಗಿ ಕೂಗಿದೆ ಎಂದು ಅವನು ನೆಲ ನೋಡಿಕೊಂಡೇ ಹೇಳಿದ.

ಏನು ದಂಡ ಹಾಕಬೇಕೆಂದು ಪಟೇಲರು ಚಿಕ್ಕಸಿದ್ದಮ್ಮನನ್ನೇ ಕೇಳಿದರು. ಅವಳು ಮೊಳಕೆಯ ಮೇಲೆ ಒದ್ದೆ ಹುಲ್ಲು ಮುಚ್ಚುತ್ತಿದ್ದಳು.

"ಮೊಳ್ಕೆ ಒಡ್ದದೆ, ನಾಳೆ ಒಟ್ಲು ಹಾಕ್ನೇಬೇಕು. ಮಡಿ ಇನ್ನೂ ಆಗಿಲ್ಲ. ಇವ್ನೇ ಬಂದು ತುಳೀಲಿ," ಎಂದಳು. ಸ್ವಲ್ಪ ತಡೆದು, "ಒಡ್ದೋದ ಕುಡಿಕೆಗೆ ಹೊಸ ಕುಡಿಕೆ ಕಟ್ಲಿ. ಬ್ಯಾಸಗೇಲಿ ದಿನಾ ಒಂದ್ ಬಟ್ಲು ನೀರು ಮಡಗ್ಲಿ. ಸುಗ್ಗೀಲಿ ಬೀಜ ನಾನೇ ಕೊಡ್ತೀನಿ," ಎಂದಳು.

ಮರುದಿನ ಹೊತ್ತು ಹುಟ್ಟಿದಾಗ ಯಾರೂ ಕುಡಿಕೆ ಕೀಳಲಿಲ್ಲ. ಸಣ್ಣಬೀರಯ್ಯ ಗೊಂಚಲಿನ ಮೇಲಿನ ಕುಕ್ಕೆ ತೆಗೆದನಂತೆ.

ಆ ಭಾನುವಾರ ಸಂಜೆ ಹಿಂದಿರುಗುವಾಗ ಜಟಕಾದಲ್ಲಿ ಮೇಷ್ಟರು ತಾವು ಬರೆದ ಗುಬ್ಬಿಗಳ ಲೆಕ್ಕವನ್ನು ಮತ್ತೆ ಓದಿದರು. ಕೊನೆಗೆ, "ಆ ಗೊಂಚಲನ್ನು ನಾನೂ ನೋಡಿದೆ ಸಾಹೇಬರೇ," ಎಂದರು.

"ನೀವು ಗೊಂಚಲು ನೋಡಿದಿರಿ ಮೇಷ್ಟ್ರೇ. ನಾನು ಗುಬ್ಬಿ ನೋಡಿದೆ," ಎಂದರು ಸಾಹೇಬರು.

ಅಂದಿನಿಂದ ಮೇಷ್ಟರ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಸೇರಿತು. ಶಾಲೆಯ ಕಿಟಕಿಯಾಚೆ ಬರುವ ಮೈನಾ, ಕೊಳದ ಬಳಿಯ ಮಿಂಚುಳ್ಳಿ, ಎಲ್ಲದರ ಸಮಯವನ್ನೂ ಬರೆದಿಡತೊಡಗಿದರು. ಮನೆಯ ಮುಂದೆ ಮಣ್ಣಿನ ತಟ್ಟೆಯಲ್ಲಿ ನೀರೂ ಬಂತು.

ಆ ಮಳೆಗಾಲದಲ್ಲಿ ಹೊಳೆ ಮತ್ತೆ ಉಕ್ಕಿತು. ಸುಗ್ಗಿ ಮುಗಿದ ಒಂದು ಬೆಳಿಗ್ಗೆ ಮೇಷ್ಟರು ಅಂಗಡಿಗೆ ಬಂದಾಗ ಬಾಗಿಲ ಚಿಲಕಕ್ಕೆ ಯಾರೋ ಒಂದು ತೆನೆಗೊಂಚಲು ಸಿಕ್ಕಿಸಿ ಹೋಗಿದ್ದರು. ಹೆಸರಿಲ್ಲ, ಚೀಟಿಯಿಲ್ಲ. ಕಾಳಿನ ತುದಿ ಕೆಂಪು.

"ಚಿಕ್ಕಸಿದ್ದಮ್ಮ ಕಳಿಸಿರಬೇಕು," ಎಂದರು ಸಾಹೇಬರು, ಚಿಲಕ ತೆಗೆಯುತ್ತ.

ಮೇಷ್ಟರು ಗೊಂಚಲನ್ನು ತಿರುಗಿಸಿ ಅದರ ಕಟ್ಟು ನೋಡಿದರು. ಬಿಗಿದದ್ದು ಕತ್ತಾಳೆ ನಾರಿನಿಂದ.

"ಬತ್ತ ಅವಳದು," ಎಂದರು ಮೇಷ್ಟರು. "ಕಟ್ಟಿದ ಕೈ ಅವಳದಲ್ಲ."

ಸಾಹೇಬರು ತಿರುಗಿ ಮೇಷ್ಟರ ಮುಖ ನೋಡಿ, ಮೊದಲ ಬಾರಿಗೆ ಬಾಯ್ತುಂಬ ನಕ್ಕರು. ಆಮೇಲೆ ಮುಕ್ಕಾಲಿ ಹತ್ತಿ, ನಾಲ್ಕೂಕಾಲಕ್ಕೆ ನಿಂತ ಗಡಿಯಾರದ ಪಕ್ಕದ ಮೊಳೆಗೆ ಗೊಂಚಲನ್ನು ತೂಗುಹಾಕಿದರು. ಇಬ್ಬರೂ ಟೀ ಕುಡಿಯುತ್ತ ಸುಮ್ಮನೆ ಕೂತರು. ಲೋಟ ಖಾಲಿಯಾಗುವ ಮೊದಲೇ ಒಂದು ಕೆಂಪು ತುದಿಯ ಸಿಪ್ಪೆ ತಿರುಗುತ್ತ ತಿರುಗುತ್ತ ಇಳಿದು ಮೇಷ್ಟರ ತೆರೆದ ಪುಸ್ತಕದ ಮೇಲೆ ಬಿತ್ತು.