ಚಕ್ರಕ್ಕೆ ಇಟ್ಟ ಕಲ್ಲು

2001ರ ಫೆಬ್ರವರಿ 15, ಗುರುವಾರ, ಮಧ್ಯಾಹ್ನ 3.40. ಕೊಟ್ಟಿಗೆಹಾರದಿಂದ ಏಳು ಕಿಲೋಮೀಟರ್ ಆಚೆಗಿನ ಠಾಣೆಗೆ ಸಿದ್ದಗಂಗಮ್ಮ ಎಂಬ ತೋಟದ ಆಳು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜನಾರ್ದನನ ಜೊತೆ ಬಂದಳು. ಅವಳ ತಾಯಿ ಹುಚ್ಚಮ್ಮ ಊಟಕ್ಕೂ ಏಳದೆ ಕಾಫಿ ಗಿಡಗಳ ಬುಡದಲ್ಲಿ ಉದುರಿದ ಹಣ್ಣು ಆರಿಸುತ್ತಿದ್ದಾಗ, ಮೇಲಿನ ಕಣದಲ್ಲಿ ನಿಲ್ಲಿಸಿದ್ದ ಕಾರು ಉರುಳಿ ಬಂದು ಅವಳ ಮೇಲೆ ಬಿದ್ದಿತ್ತು. ಜೀವ ಅಲ್ಲೇ ಹೋಗಿತ್ತು.

ಸಬ್‌ ಇನ್ಸ್‌ಪೆಕ್ಟರ್ ಚನ್ನಕೇಶವ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದ.

"ಕಾರು ಯಾರದ್ದಮ್ಮ?"

"ಯಜಮಾನ್ರದ್ದು. ಆ ಕೆಂಪು ಕಾರು."

"ಒಳಗೆ ಯಾರಿದ್ರು?"

"ಯಾರೂ ಇರ್ಲಿಲ್ಲ ಸಾರ್. ಅದೇ ಬಂತು."

ಹೆಡ್ ಕಾನ್‌ಸ್ಟೇಬಲ್ ಕುಮಾರ್ ಎಫ್‌ಐಆರ್ ಬರೆದ. ಐಪಿಸಿ 304ಎ, ನಿರ್ಲಕ್ಷ್ಯದಿಂದ ಸಾವು. ಆರೋಪಿ ತೋಟದ ಮಾಲೀಕ ನಿರಂಜನ, ವಯಸ್ಸು 31.

ಆ ಕಾರು ಗೊತ್ತಿಲ್ಲದವರು ಆ ಸೀಮೆಯಲ್ಲಿ ಇರಲಿಲ್ಲ. ಎರಡೇ ಬಾಗಿಲಿನ ವಿದೇಶಿ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎಸ್ಟೇಟ್ ರಸ್ತೆಗೆ ಇಂಥದ್ದನ್ನು ತಂದವನ ತಲೆ ಸರಿಯಿಲ್ಲ ಎಂದು ಚನ್ನಕೇಶವನೇ ಟೀ ಅಂಗಡಿಯಲ್ಲಿ ನಕ್ಕಿದ್ದ. ಈಗ ಆ ನಗು ನೆನಪಾಗಿ ಅವನಿಗೆ ಇರುಸುಮುರುಸಾಯಿತು.

ಸಂಜೆ 4.50ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಕಾಫಿ ಒಣಗಿಸುವ ಸಿಮೆಂಟ್ ಕಣ ಒಂದು ಕಡೆಗೆ ವಾಲಿಕೊಂಡಿತ್ತು. ಅದರ ಅಂಚಿನಿಂದ ಇಳಿಜಾರು ಸೀದಾ ಹಳ್ಳಕ್ಕೆ ಇಳಿಯುತ್ತಿತ್ತು. ಕಾರು ಅರವತ್ತು ಹೆಜ್ಜೆ ಕೆಳಗೆ ಮೂತಿ ಊರಿಕೊಂಡು ನಿಂತಿತ್ತು. ಪಕ್ಕದಲ್ಲಿ ಹುಚ್ಚಮ್ಮ ತಲೆಗೆ ಕಟ್ಟಿಕೊಂಡಿದ್ದ ಹಳದಿ ವಸ್ತ್ರ ಗಿಡಕ್ಕೆ ಸಿಕ್ಕಿಕೊಂಡಿತ್ತು. ಕಣದ ಅಂಚಿನಲ್ಲಿ ನಿಂತ ಚನ್ನಕೇಶವನಿಗೆ ಅದು ನಿಚ್ಚಳವಾಗಿ ಕಂಡಿತು.

ನಿರಂಜನ ಮೂಡಿಗೆರೆಯಿಂದ ಆಗಷ್ಟೇ ಬಂದಿದ್ದ.

"ಹ್ಯಾಂಡ್‌ಬ್ರೇಕ್ ಹಾಕಿದ್ರಾ?"

"ಹಾಕಿದ್ದೆ. ಗೇರಲ್ಲೂ ಇತ್ತು. ಮುಂದಿನ ಚಕ್ರಕ್ಕೆ ಕಲ್ಲನ್ನೂ ಕೊಟ್ಟಿದ್ದೆ."

"ಬಾಗಿಲಿಗೆ ಬೀಗ?"

"ತೋಟದಲ್ಲಿ ಯಾರು ಹಾಕ್ತಾರೆ ಸರ್?"

"ಕಲ್ಲು ಎಲ್ಲಿ?"

ಅವನು ಸುತ್ತ ನೋಡಿದ. ಕಲ್ಲನ್ನು ಕಂಡದ್ದು ಕುಮಾರ್. ಅದು ಕಣದ ಮೋಟುಗೋಡೆಯ ಮೇಲೆ, ಯಾರ ಕಾಲಿಗೂ ಎಡತಾಕದ ಹಾಗೆ ಕೂತಿತ್ತು. ಒಂದು ಮಗ್ಗುಲಿಗೆ ಟೈರಿನ ಹಸಿ ಕಪ್ಪು ಮೆತ್ತಿತ್ತು.

"ಬೇರೆ ಯಾರಾದ್ರೂ ಆದ್ರೆ ಕಲ್ಲನ್ನ ಒದ್ದು ಹೋಗ್ತಿದ್ರು ಸರ್," ಕುಮಾರ್ ಮೆಲ್ಲಗೆ ಹೇಳಿದ. "ಗೋಡೆ ಮೇಲೆ ಎತ್ತಿಡೋದು ಗಾಡಿ ಕೆಲಸದವರ ಅಭ್ಯಾಸ. ಘಾಟಿಯಲ್ಲಿ ಹಿಂದಿನ ಗಾಡಿಯವನು ಎಡವಬಾರದು ಅಂತ."

ಆ ರಾತ್ರಿ ಬಂಧನ ಬೇಡ ಎಂದು ಚನ್ನಕೇಶವ ತೀರ್ಮಾನಿಸಿದ. ನಿರಂಜನನ ಹೆಂಡತಿ ಇಂಚರಾಗೆ ಏಳು ತಿಂಗಳು. ಮರುದಿನ ಅವಳನ್ನು ಅದೇ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ತವರಿಗೆ ಬಿಟ್ಟು ಬರಬೇಕೆಂದು ಗಂಡ ಹೊರಟಿದ್ದ. ಈಗ ಅವಳು ಜಗುಲಿಯ ಕಂಬ ಹಿಡಿದು, ಗಂಡನನ್ನು ಜೀಪಿಗೆ ಹತ್ತಿಸುತ್ತಾರೋ ಏನೋ ಎಂದು ನೋಡುತ್ತಿದ್ದಳು.

16ನೇ ತಾರೀಖು ಬೆಳಿಗ್ಗೆ 11ಕ್ಕೆ ಚಿಕ್ಕಮಗಳೂರಿನಿಂದ ಆರ್‌ಟಿಓ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರ್ ಬಂದರು. ಬ್ರೇಕು ಚೆನ್ನಾಗಿದೆ, ಹ್ಯಾಂಡ್‌ಬ್ರೇಕ್ ಯಾರೋ ಇಳಿಸಿದ್ದಾರೆ, ಗೇರ್ ನ್ಯೂಟ್ರಲ್‌ನಲ್ಲಿದೆ ಎಂದರು. ಆಮೇಲೆ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಟಾರ್ಚ್ ಬಿಟ್ಟರು.

"ಇಲ್ಲಿ ನೋಡಿ. ಇದು ಒಂದು ಕಾರಲ್ಲ, ಎರಡು. ಒಂದರ ಮುಂಭಾಗ, ಇನ್ನೊಂದರ ಹಿಂಭಾಗ ತಂದು ನಡುವೆ ವೆಲ್ಡಿಂಗ್ ಹೊಡೆದಿದ್ದಾರೆ. ಘಾಟಿ ತಿರುವಿನಲ್ಲಿ ಒಂದು ದೊಡ್ಡ ಗುಂಡಿಗೆ ಬಿದ್ದಿದ್ರೆ ಬಿಟ್ಕೊಳ್ತಿತ್ತು."

ನಿರಂಜನ ಬಗ್ಗಿ ಆ ವೆಲ್ಡಿಂಗನ್ನು ಮುಟ್ಟಿ ನೋಡಿದ. ಅವನು ಹುಡುಗಾಟಕ್ಕೆ ಕೊಂಡವನಲ್ಲ. ಬೆಂಗಳೂರಿನಲ್ಲಿ ಮೂರು ಕಾರು ನೋಡಿ, ಕೊಳ್ಳುವುದು ದೊಡ್ಡದಲ್ಲ ಸಾಕುವುದು ದೊಡ್ಡದು ಎಂದು ಎರಡನ್ನು ಬಿಟ್ಟಿದ್ದ. ಒಂದಕ್ಕೆ ಕ್ಲಚ್ ಪ್ಲೇಟ್ ಸಿಗುತ್ತಿರಲಿಲ್ಲ, ಇನ್ನೊಂದಕ್ಕೆ ಸರ್ವಿಸ್ ಪುಸ್ತಕವೇ ಇರಲಿಲ್ಲ. ಈ ಮೂರನೆಯದಕ್ಕೆ ಪುಸ್ತಕವಿತ್ತು, ಬಿಡಿಭಾಗ ಮದ್ರಾಸಿನಲ್ಲಿ ಸಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ರಿಪೇರಿಗೆ ಕೊಟ್ಟಿಗೆಹಾರದ ಬಸವರಾಜು ಇದ್ದರು. ಅವರನ್ನೇ ಕರೆದುಕೊಂಡು ಹೋಗಿ ತೋರಿಸಿದ್ದ.

"ಅವ್ರು ಏನಂದ್ರು?" ಚನ್ನಕೇಶವ ಕೇಳಿದ.

"ಸ್ಕ್ರೂಡ್ರೈವರ್ ತುದಿ ಇಂಜಿನ್‌ಗೆ ತಾಗಿಸಿ, ಹಿಡಿಯನ್ನ ಕಿವಿಗೆ ಒತ್ತಿ ಸದ್ದು ಕೇಳಿದ್ರು, ಚೊಕ್ಕ ಅಂದ್ರು. ಕೆಳಗೆ ನೋಡಿದ್ರಾ ಅಂತ ಕೇಳ್ದೆ. ನೋಡಿದೆ, ಏನೂ ಇಲ್ಲ ಅಂದ್ರು. ಅವ್ರು ನೋಡಿದ್ರು ಅಂದ್ಮೇಲೆ ನಾನೇನು ನೋಡೋದು ಸರ್?"

ಮೂವತ್ತು ವರ್ಷದಿಂದ ಆ ಸೀಮೆಯ ಜೀಪುಗಳೆಲ್ಲ ಬಸವರಾಜು ಅವರ ಕಿವಿಯನ್ನು ನಂಬಿ ಓಡುತ್ತಿದ್ದವು. ಠಾಣೆಯ ಜೀಪಿಗೂ ಕಳೆದ ತಿಂಗಳು ಸರಿಯಿದೆ ಎಂದವರು ಅವರೇ.

ಚನ್ನಕೇಶವ ರೈಟರ್ ಜನಾರ್ದನನನ್ನು ಕರೆಸಿದ.

"ನಿನ್ನೆ ತೋಟಕ್ಕೆ ಹೊರಗಿನವರು ಯಾರು ಬಂದಿದ್ರು?"

"ಯಾರೂ ಇಲ್ಲ ಸರ್. ಬಸವರಾಜಣ್ಣ ಮಾತ್ರ. ತೊಳೆದಾಗೆಲ್ಲ ಕಾರ್ಪೆಟ್ ಒದ್ದೆಯಾಗ್ತದೆ ಅಂತ ಹೋದ ವಾರ ಯಜಮಾನ್ರು ಕಾರನ್ನ ಗ್ಯಾರೇಜಿಗೆ ಬಿಟ್ಟಿದ್ರಲ್ಲ, ಅದನ್ನೇ ಇನ್ನೊಮ್ಮೆ ನೋಡ್ತೀನಿ ಅಂದ್ರು. ಹನ್ನೆರಡೂವರೆ ಬಸ್ಸಿಗೆ ಬಂದ್ರು. ನಾನು ಊಟಕ್ಕೆ ಹೋದೆ. ಆಳುಗಳೂ ಊಟಕ್ಕೆ ಹೋಗಿದ್ರು."

"ಬಸ್ಸಲ್ಲಾ? ಸ್ಕೂಟರ್ ಏನಾಯ್ತು?"

"ಅದನ್ನ ಬಿಟ್ಟು ಎರಡು ವರ್ಷ ಆಯ್ತಲ್ಲ ಸರ್."

ಚನ್ನಕೇಶವ ಆ ಎರಡು ವರ್ಷವನ್ನು ಯೋಚಿಸುತ್ತ ಠಾಣೆಗೆ ಮರಳಿದ. ತಾನು ಯೋಚಿಸುತ್ತಿರುವುದು ತಪ್ಪಾಗಲಿ ಎಂದು ಅವನು ಮನಸಾರೆ ಬಯಸಿದ.

17ನೇ ತಾರೀಖು ಬೆಳಿಗ್ಗೆ 9.15ಕ್ಕೆ ಚನ್ನಕೇಶವ, ಕುಮಾರ್ ಇಬ್ಬರೂ ಗ್ಯಾರೇಜಿಗೆ ಹೋದರು. ಬಸವರಾಜು ಒಂದು ಜೀಪಿನ ಬಾನೆಟ್ಟಿನಲ್ಲಿ ತಲೆ ತೂರಿಸಿದ್ದರು. ಕುಮಾರ್ ಸದ್ದಾಗದಂತೆ ಆ ಕಲ್ಲನ್ನು ತಂದು ಬಾಗಿಲ ಬಳಿಯ ಬೆಂಚಿನ ಮೇಲೆ, ಬಿಸಿಲಿನಲ್ಲಿ ಇಟ್ಟ.

"ಬನ್ನಿ ಸರ್. ಬೇರಿಂಗ್ ಸದ್ದು ಕೇಳಿಯೇ ಠಾಣೆ ಜೀಪು ಅಂತ ಗೊತ್ತಾಯ್ತು," ಎನ್ನುತ್ತ ಬಸವರಾಜು ಕೈ ಒರೆಸಿಕೊಂಡು ಬಂದು ಬೆಂಚಿನ ಮುಂದೆ ನಿಂತರು. ಕಲ್ಲು ಒಂದು ಗೇಣು ದೂರದಲ್ಲಿತ್ತು. ಅವರು ಅದರತ್ತ ನೋಡಲೇ ಇಲ್ಲ. ಕೂರಲೆಂದು ಬೆಂಚು ತಡವಿದಾಗ ಬೆರಳು ಕಲ್ಲಿಗೆ ತಾಗಿತು. ಅಂಗೈ ಕಲ್ಲಿನ ಮೇಲೆ ಒಂದು ಸುತ್ತು ಹೋಗಿ, ಟೈರಿನ ಕಪ್ಪಿನ ಮೇಲೆ ನಿಂತಿತು.

"ಕಣ್ಣು ಯಾವಾಗಿಂದ ಕಾಣ್ತಿಲ್ಲ ಬಸವರಾಜಣ್ಣ?" ಚನ್ನಕೇಶವ ಕೇಳಿದ.

"ಎರಡು ವರ್ಷ. ನರ ಒಣಗಿದೆ, ಔಷಧಿ ಇಲ್ಲ ಅಂದ್ರು ಮಂಗಳೂರಲ್ಲಿ. ಮನೆಯಲ್ಲೂ ಹೇಳ್ಲಿಲ್ಲ. ಹೇಳಿದ್ರೆ ನಾಳೆಯಿಂದ ಯಾರು ಗಾಡಿ ತರ್ತಾರೆ?"

"ಬೆಂಗಳೂರಲ್ಲಿ ಕಾರಿನ ಕೆಳಗೆ?"

"ಮಲಗಿ ನೋಡಿದ ಹಾಗೆ ಮಾಡ್ದೆ. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿದೆ. ಆ ವೆಲ್ಡಿಂಗ್ ಮೇಲೆ ದಪ್ಪಕ್ಕೆ ಪೇಂಟ್ ಬಳಿದಿದ್ರು."

ವೆಲ್ಡಿಂಗ್ ಅವರ ಬೆರಳಿಗೆ ಸಿಕ್ಕಿದ್ದು ಹೋದ ವಾರ, ಒದ್ದೆ ಕಾರ್ಪೆಟ್ ಎತ್ತಿದಾಗ. ಇಂಚರಾಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತೇನೆ ಎಂದು ನಿರಂಜನ ಅದೇ ದಿನ ಹೇಳಿದ್ದ. ನಿಜ ಹೇಳಿದರೆ ಮೊದಲು ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಕಾರು ಹೊರಡದಂತೆ ಯಾವುದಾದರೂ ಭಾಗ ಕಳಚಿಟ್ಟರೆ ಇನ್ನೊಬ್ಬ ಮೆಕ್ಯಾನಿಕ್ ಬಂದು ಕೆಳಗೆ ನೋಡುತ್ತಿದ್ದ. ಕಾರು ಹಳ್ಳಕ್ಕೆ ಬಿದ್ದು ನಜ್ಜುಗುಜ್ಜಾದರೆ ಜೀವವೂ ಉಳಿಯುತ್ತದೆ, ತಮ್ಮ ಹೆಸರೂ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಆಳುಗಳ ಊಟದ ಹೊತ್ತನ್ನು ಅದಕ್ಕಾಗಿಯೇ ಆರಿಸಿಕೊಂಡಿದ್ದರು.

"ಕೆಳಗೆ ಯಾರಾದ್ರೂ ಇದ್ದಾರಾ ಅಂತ ನೋಡಿದ್ರಾ?"

"ಕಿವಿಗೊಟ್ಟು ನಿಂತೆ. ಒಂದು ಸದ್ದಿಲ್ಲ. ಆಮೇಲೆ ನೋಡಿದೆ ಸರ್." ಬಸವರಾಜು ಕಣ್ಣು ಅರಳಿಸಿ ಬಾಗಿಲ ಬೆಳಕಿನತ್ತ ತಿರುಗಿದರು. "ನೋಡಿದೆ. ಯಾರೂ ಇರ್ಲಿಲ್ಲ."

ಕುಮಾರ್ ಅದನ್ನು ಹಾಗೆಯೇ ಹೇಳಿಕೆಯಲ್ಲಿ ಬರೆದುಕೊಂಡ. 10.30ಕ್ಕೆ ದಸ್ತಗಿರಿ ಆಯಿತು. 304ಎ ತೆಗೆದು, ಕೊಲೆಯಲ್ಲದ ನರಹತ್ಯೆಯ 304 ಹಾಕಲು ನ್ಯಾಯಾಲಯಕ್ಕೆ ವರದಿ ಹೋಯಿತು, ಆರೋಪಿಯ ಕಾಲಂನಿಂದ ನಿರಂಜನನ ಹೆಸರು ಹೋಯಿತು. ಸಿದ್ದಗಂಗಮ್ಮನಿಗೆ ಇದನ್ನು ತಿಳಿಸಿದಾಗ ಅವಳು, "ಅವ್ವ ಹಳದಿ ಬಟ್ಟೆ ಕಟ್ಟಿದ್ಲಲ್ಲ ಸಾರ್, ಹೆಂಗೆ ಕಾಣ್ಲಿಲ್ಲ?" ಎಂದಷ್ಟೇ ಕೇಳಿದಳು.

ಮೂಡಿಗೆರೆಯ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲು ಮಧ್ಯಾಹ್ನ ಜೀಪು ಹೊರಟಿತು. ಬಸವರಾಜು ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಎರಡು ತಿರುವು ದಾಟಿದ ಮೇಲೆ ತಲೆಯೆತ್ತಿದರು.

"ಸರ್, ಬಲಗಡೆ ಮುಂದಿನ ಬೇರಿಂಗ್ ಹೋಗ್ತಾ ಇದೆ. ಘಾಟಿ ಇಳಿಯೋ ಮೊದ್ಲು ಯಾರಿಗಾದ್ರೂ ತೋರ್ಸಿ."

ಚನ್ನಕೇಶವ ಕಿವಿಗೊಟ್ಟ. ಅವನಿಗೆ ಏನೂ ಕೇಳಲಿಲ್ಲ. ಯಾರಿಗೆ ತೋರಿಸುವುದು ಎಂದೂ ತೋಚಲಿಲ್ಲ. ಜೀಪು ಓಡಿಸುತ್ತಿದ್ದ ಕುಮಾರ್ ವೇಗ ಇಳಿಸಿದ.