ಲಿಖಿತಾಳ ಬ್ರೋ

ದಂಡಿನಶಿವರದ ತೋಟದ ಬಾವಿಯಿಂದ ಲಿಖಿತಾಳ ಹೆಣ ಮೇಲೆತ್ತಿದಾಗ ಬೆಳಗ್ಗೆ ಎಂಟೂ ಆಗಿರಲಿಲ್ಲ. ಹತ್ತೊಂಬತ್ತರ ಹುಡುಗಿ. ಸಬ್‌ಇನ್ಸ್‌ಪೆಕ್ಟರ್ ಭಾನುಪ್ರಿಯಾ ಸುತ್ತ ಕಣ್ಣಾಡಿಸಿದಳು.

ಬಾವಿಕಟ್ಟೆಯ ಮೇಲೆ ಲಿಖಿತಾಳ ಫೋನು. ಲಾಕ್ ಇಲ್ಲ. ಗೆಳತಿ ಶಿಲ್ಪಳಿಗೆ ಆರು ಗಂಟೆಗೆ ಹೋದ ಮೆಸೇಜು: ‘ನನ್ನ ಬ್ರೋ ಕೈಕೊಟ್ಟ. ಬಾವಿಗೆ ಬೀಳ್ತೀನಿ.’

ತಾಯಿಯಿಲ್ಲದ ಮನೆ, ಅಪ್ಪ ಮಗಳು ಇಬ್ಬರೇ. ಅಪ್ಪ ಮರುಳಸಿದ್ದಯ್ಯ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮಗಳಿಗೆ ಯಾವ ಹುಡುಗನ ಸಹವಾಸವಿತ್ತೋ ತನಗೇನೂ ಗೊತ್ತಿಲ್ಲ ಎಂದ. ಹೆಣದ ಅಂಗೈ, ಮೊಣಕಾಲುಗಳಲ್ಲಿ ತರಚು ಗಾಯ. ಫೋನಿನ ತುಂಬ ಕಾಯಿ ಕೀಳಲು ಮರ ಹತ್ತುವ ರಂಗರಾಜುವಿನ ಕರೆಗಳು. ಇನ್ನೇನು ಬೇಕು? ಊರೇ ಅವನ ಮೇಲೆ ಬಿತ್ತು. ಭಾನುಪ್ರಿಯಾ ಅವನನ್ನು ಜೀಪು ಹತ್ತಿಸಿದಳು.

*

ಠಾಣೆಯಲ್ಲಿ ರಂಗರಾಜು ತನ್ನ ಮೊಬೈಲಿನ ವಿಡಿಯೊ ತೋರಿಸಿದ. ಲಿಖಿತಾ ಮರ ಹತ್ತುವ ಮೆಷಿನ್ನಿನಲ್ಲಿ ತೆಂಗಿನ ಮರದ ಅರ್ಧಕ್ಕೇರಿ ನಗುತ್ತಿದ್ದಳು. ಕಾಯಿ ಕೀಳಲು ಆಳು ಸಿಗದೆ ಅಪ್ಪ ಒದ್ದಾಡುವುದನ್ನು ನೋಡಲಾರದೆ ಗುಟ್ಟಾಗಿ ಕಲಿಯುತ್ತಿದ್ದಳಂತೆ. ತರಚು ಗಾಯ ಅದರದ್ದೇ.

“ಪೂರ್ತಿ ಕಲ್ತ್ಮೇಲೆ ಅಪ್ಪಂಗೆ ತೋರುಸ್ತೀನಿ ಅಂತಿದ್ಲು ಮೇಡಂ,” ಎಂದವನು ಗೊಳೋ ಎಂದು ಅತ್ತ.

ಶಿಲ್ಪಳಿಗಂತೂ ಆ ಮೆಸೇಜಿನ ತಲೆಬುಡ ತಿಳಿದಿರಲಿಲ್ಲ. ಲಿಖಿತಾಗೆ ರಂಗರಾಜು ಬ್ರೋ, ತಿಪಟೂರು ಬಸ್ಸಿನ ಕಂಡಕ್ಟರ್ ಬ್ರೋ, ಕೊನೆಗೆ ಶಿಲ್ಪಳೂ ಬ್ರೋ. ಪ್ರೀತಿಸಿದವನನ್ನು ಯಾರಾದರೂ ಹಾಗೆ ಕರೆಯುತ್ತಾರಾ ಎಂದು ಕೇಳಿದಳು.

ಹಾಗಾದರೆ ಬರೆದದ್ದು ಲಿಖಿತಾ ಅಲ್ಲ. ಫೋನು ಕೈಗೆ ಸಿಗುವಷ್ಟು ಹತ್ತಿರದವರು. ಆ ಮಾತು ಕಿವಿಗೆ ಬಿದ್ದಿದ್ದರೂ ಬಳಸಿ ಗೊತ್ತಿಲ್ಲದವರು. ಯಾರೆಂದು ಭಾನುಪ್ರಿಯಾಗೆ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

*

ಮಗಳ ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಮರುಳಸಿದ್ದಯ್ಯ ಜಗಲಿಯ ಮೇಲಿದ್ದ.

“ಯಜಮಾನ್ರೇ, ಬ್ರೋ ಅಂದ್ರೆ ಏನು?”

“ಇನ್ನೇನು, ಕಟ್ಕೊಳೋನ್ನ ಕರೆಯೋದು. ತೋಟದಲ್ಲಿ ಸಿಕ್ತೀನಿ ಬ್ರೋ ಅಂತ ದಿನಾ ಫೋನಲ್ಲಿ ಅನ್ನೋಳು. ಕಿವಿಯಾರೆ ಕೇಳಿದೀನಿ.”

“ಬೆಳಗ್ಗೆ ಏನೂ ಗೊತ್ತಿಲ್ಲ ಅಂದ್ರಿ. ಈ ಅರ್ಥ ಇಟ್ಕೊಂಡು ಆ ಮೆಸೇಜ್ ಬರೆಯೋರು ನೀವೊಬ್ರೇ.”

 ಮರುಳಸಿದ್ದಯ್ಯ ತಾನಾಗಿಯೇ ಹೇಳಿದ. ತೋಟಕ್ಕೆ ಹೊರಟವಳ ಹಿಂದೆ ಹೋಗಿದ್ದ. ಯಾರೇ ಅವನು ಎಂದು ಕೇಳಿದ್ದಕ್ಕೆ, ಆಮೇಲೆ ನಿಂಗೇ ಗೊತ್ತಾಗುತ್ತೆ ಎಂದು ನಕ್ಕಳಂತೆ. ಆ ನಗುವಿಗೆ ತಲೆಕೆಟ್ಟು ಬಾವಿಗೆ ತಳ್ಳಿಬಿಟ್ಟಿದ್ದ. ಆಮೇಲೆ ಅವಳ ಫೋನಿನಿಂದ ಆ ಮೆಸೇಜು ಕಳಿಸಿದ್ದ.

ಭಾನುಪ್ರಿಯಾ ರಂಗರಾಜುವಿನ ಮೊಬೈಲಿನಲ್ಲಿ ವಿಡಿಯೊ ಹಾಕಿ ಮರುಳಸಿದ್ದಯ್ಯನ ಕೈಗಿಟ್ಟಳು. ಮರದ ಮೇಲಿಂದ ಲಿಖಿತಾ ಕೂಗುತ್ತಿದ್ದಳು: “ನೋಡ್ತಿರು ಬ್ರೋ, ನಮ್ಮಪ್ಪ ಇನ್ಮೇಲೆ ಯಾರ ಕಾಲೂ ಹಿಡಿಯಂಗಿಲ್ಲ.”

“ಬ್ರೋ ಅಂದ್ರೆ ಅಣ್ಣ ಅಂತ ಕಣ್ರೀ,” ಎಂದಳು ಭಾನುಪ್ರಿಯಾ.

ವಿಡಿಯೊ ಮುಗಿಯಿತು. ಅವನು ಫೋನು ವಾಪಸ್ ಕೊಡಲಿಲ್ಲ.

“ಇನ್ನೊಂದ್ಸಲ ಹಾಕ್ರವ್ವ,” ಎಂದ.