ಎಡಗಾಲಿಯ ಹೊಗೆ

ನರೋಣಾ ಊರು ಇನ್ನೂ ಮೂರು ಕಿಲೋಮೀಟರ್ ಇರುವಾಗಲೇ ಕಾರಿನ ಎಡಗಡೆ ಮುಂಗಾಲಿಯಿಂದ ಹೊಗೆ ಎದ್ದಿತು.

ಸಪ್ನಾ ಬ್ರೇಕ್ ಒತ್ತಿದಳು. ಪೆಡಲ್ ಮೆತ್ತಗೆ ಕೆಳಗಿಳಿಯಿತು. ಮತ್ತೊಮ್ಮೆ ಒತ್ತಿದಳು, ಈ ಸಲ ಜೀವ ಹಿಡಿದು. ಕಾರು ಬಲಕ್ಕೆ ಎಳೆಯುತ್ತ ಹೋಗಿ, ಒಂದು ಬೇವಿನ ಮರದ ಬುಡದಲ್ಲಿ ಹೇಗೋ ನಿಂತಿತು.

ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ಮುರ್ತುಜಾ ಮಿಸ್ತ್ರಿ ಜಿಗಿದಿಳಿದ. ದಾಲ್ ಮಿಲ್ಲಿನಿಂದ ಬೇಡಿ ತಂದಿದ್ದ ಶಾಖ ಅಳೆಯುವ ಗನ್ನು ಹಿಡಿದ. ಬಲಗಾಲಿಯ ಡಿಸ್ಕ್ — ಇನ್ನೂರಾ ನಲವತ್ತು ಡಿಗ್ರಿ. ಎಡಗಾಲಿಯದು — ಐನೂರಾ ಹತ್ತು!

ಎರಡೂ ಕಡೆ ಬ್ರೇಕ್ ತಣಿಸುವ ಒಂದೇ ಅಳತೆಯ ಗಾಳಿ ಪೈಪು. ಎರಡನ್ನೂ ಅವನೇ ಕೂರಿಸಿದ್ದ. ಹಾಗಾದರೆ ಎಡಕ್ಕೆ ಮಾತ್ರ ಏನಾಯಿತು?

ಪೈಪಿನ ಬಾಯಿಗೆ ಕೈ ಹಾಕಿದ. ಬಾಯಿ ಖಾಲಿ. ಗಾಲಿಯ ಕಡೆಯ ತುದಿ ಬಿಚ್ಚಿದ. ಅಲ್ಲಿನ ತಂತಿಬಲೆಯ ಜಾಳಿಯೂ ಸ್ವಚ್ಛ. ಆಗ ಅವನ ಕಣ್ಣು ಪೈಪನ್ನು ಬಿಗಿದಿದ್ದ ಪಟ್ಟಿಯ ಮೇಲೆ ಬಿತ್ತು. ಅವನು ಸದಾ ತಿರುಪಿನ ತಲೆ ಕೆಳಮುಖವಾಗಿರುವಂತೆ ಪಟ್ಟಿ ಬಿಗಿಯುತ್ತಿದ್ದ. ಇಲ್ಲಿ ತಲೆ ಮೇಲಕ್ಕಿತ್ತು.

"ಯಾರೋ ಕೈ ಹಾಕ್ಯಾರ" ಎಂದ ಮುರ್ತುಜಾ.

"ಯಾರು ಕಾಕಾ?"

"ಮತ್ತ್ಯಾರು? ಏಜಾಜ!"

ಸಪ್ನಾಳ ತಂದೆ ಶಿವರಾಯರಿಗೆ ಆಳಂದದಲ್ಲಿ ಅರವತ್ತು ಎಕರೆ ಹೊಲ. ಮಗಳು ಹದಿನಾಲ್ಕಕ್ಕೇ ಟ್ರ್ಯಾಕ್ಟರ್ ಓಡಿಸಿದವಳು. ಈಗ ಇಪ್ಪತ್ಮೂರಕ್ಕೆ ರೇಸಿನ ಹುಚ್ಚು. ಭಾನುವಾರ ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಹೊಸ ಚಾಲಕರ ಆಯ್ಕೆ. ಕಾರು ತಮ್ಮದೇ ತರಬೇಕು, ಹದಿನೈದು ಸುತ್ತು ಹೊಡೆಯಬೇಕು, ಮತ್ತು ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಟ್ರ್ಯಾಕ್ ಅಂದರೆ ಪ್ರತಿ ತಿರುವಿಗೂ ಬ್ರೇಕು. ಡಿಸ್ಕ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೇ ಮುರ್ತುಜಾ ಆ ಹಳೆಯ ಝೆನ್ ಕಾರಿಗೆ ಮನೆಮದ್ದು ಮಾಡಿದ್ದ. ಬಂಪರಿನ ಎರಡೂ ಮೂಲೆಗೆ ಎಣ್ಣೆ ಡಬ್ಬಿ ಕತ್ತರಿಸಿದ ಗಾಳಿಬಾಯಿ, ಅಲ್ಲಿಂದ ದಾಲ್ ಮಿಲ್ಲಿನ ಬ್ಲೋವರಿನ ಮೆತ್ತನೆ ಪೈಪು, ಕೊನೆಗೆ ಗಾಳಿಯನ್ನು ಡಿಸ್ಕಿನ ನಡುವಿಗೇ ಊದುವ ತಗಡಿನ ಪ್ಲೇಟು. ಖರ್ಚು ಏನೂ ಇಲ್ಲ, ಜಂಬ ಮಾತ್ರ ಬೆಟ್ಟದಷ್ಟು.

ಶಿವರಾಯರದು ಒಂದೇ ಷರತ್ತು: ಬ್ರೇಕ್ ಒಮ್ಮೆ ಕೈಕೊಟ್ಟರೂ ಕಾರು ಊರು ಬಿಡುವುದಿಲ್ಲ.

ಕಾರನ್ನು ಎತ್ತಿನ ಗಾಡಿಯ ವೇಗದಲ್ಲಿ ಆಳಂದದ ಗ್ಯಾರೇಜಿಗೆ ತಂದಾಗ ಬೆಳಿಗ್ಗೆ ಹತ್ತು ಗಂಟೆ. ಮುರ್ತುಜಾ ನೇರ ಜೇವರ್ಗಿಗೆ ಫೋನು ಹಚ್ಚಿದ. ಏಜಾಜ ಅವನ ಕೈಕೆಳಗೇ ಆರು ವರ್ಷ ಕೆಲಸ ಕಲಿತು, ಈಗ ಜೇವರ್ಗಿಯಲ್ಲಿ ಸ್ವಂತ ಗ್ಯಾರೇಜು ಇಟ್ಟವನು. ಅವನ ಗಿರಾಕಿಯೊಬ್ಬನೂ ಭಾನುವಾರದ ಆಯ್ಕೆಗೆ ಹೊರಟಿದ್ದ. ಎರಡೂ ಕಾರು ಏಜಾಜನ ಲಾರಿಯಲ್ಲೇ ಇವತ್ತು ಸಂಜೆ ಹೋಗಬೇಕಿತ್ತು. ನಿನ್ನೆ ಬಂದವನು ಎಡಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ್ದ.

"ಕಳ್ಳ! ಉಂಡ ಮನೀಗೆ ಎರಡು ಬಗದೆಲ್ಲೋ! ಆ ಹುಡುಗಿ ಜೀವಕ್ಕೇನಾದ್ರ ಆಗಿದ್ರ?"

ಆ ಕಡೆ ಗ್ಯಾರೇಜಿನ ಸದ್ದೆಲ್ಲ ನಿಂತಿತು. "ಆಯ್ತ್ರಿ ಉಸ್ತಾದ್" ಎಂದ ಏಜಾಜ. ಫೋನು ಕಟ್ಟಾಯಿತು.

ತಮ್ಮನ ಮಗಳನ್ನು ಕಳಿಸಿಕೊಡಲೆಂದು ಅಫಜಲಪುರದ ಬಸ್ಸಿನಲ್ಲಿ ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ ಬಂದಿಳಿದ ಸುಭದ್ರಾಬಾಯಿಗೆ ಈ ಗದ್ದಲವೇ ಸ್ವಾಗತ. ಶಿವರಾಯರ ಅಕ್ಕ. ಮೂವತ್ತು ವರ್ಷ ಬಸ್ ಡಿಪೋದ ಬಿಡಿಭಾಗಗಳ ಸ್ಟೋರು ನೋಡಿಕೊಂಡು ನಿವೃತ್ತರಾದವರು. ಅವರ ಕಣ್ಣು ತಪ್ಪಿಸಿ ಒಂದು ನಟ್ಟೂ ಡಿಪೋದ ಗೇಟು ದಾಟಿರಲಿಲ್ಲ ಎಂಬ ಮಾತಿತ್ತು.

"ಕಾರು ಹೋಗಂಗಿಲ್ಲ. ಮುಗೀತು" ಎಂದರು ಸುದ್ದಿ ಕೇಳಿ ಬಂದಿದ್ದ ಶಿವರಾಯರು.

ಸಪ್ನಾ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಸಂಜೀತನ ಟೈಮ್ ಅದ. ಮೊದಲ ಎಲ್ಲಾರೂ ಕೂಡ್ರಿ" ಎಂದರು ಸುಭದ್ರಾಬಾಯಿ. "ತಗಡಿನ ಪ್ಲೇಟ್ ಮಾಡಿದವರ್ಯಾರು?"

ಪಕ್ಕದಂಗಡಿಯ ತಗಡು ಕೆಲಸದ ಕಲ್ಯಾಣಕುಮಾರ ಕೈ ಎತ್ತಿದ. "ನಾನ್ರೀ. ಎರಡೂ ಒಂದ ನಮೂನಿ ಅವ. ಅಳದು ನೋಡ್ರಿ."

ಅಳೆದರು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಶಿವರಾಯಾ, ನೀ? ಮಗಳು ಹೋಗೋದು ನಿನಗ ಮನಸಿರಲಿಲ್ಲಲ್ಲ?"

"ಮನಸಿರಲಿಲ್ಲ ಖರೆ ಅಕ್ಕ. ಆದ್ರ ಅದ ಕಾರಿನ್ಯಾಗ ಕೂಡೋಳು ನನ್ನ ಮಗಳಲ್ಲೇನು?"

ಸುಭದ್ರಾಬಾಯಿ ತಲೆಯಾಡಿಸಿ ಮುರ್ತುಜಾನ ಕಡೆ ತಿರುಗಿದರು. "ಏಜಾಜ ಮುಟ್ಟಿದ ತಿರುಪು — ಸಡಿಲಿತ್ತೋ, ಬಿಗಿ ಇತ್ತೋ?"

"ಬಿಗಿ ಇತ್ರಿ."

"ಕೆಡಸಾಕ ಬಂದಾತ ಬಿಗಿ ಮಾಡಿ ಹೋಗ್ತಾನೇನು?"

ಮುರ್ತುಜಾನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

"ಮೊದಲ ಎಂದಾದ್ರೂ ಪರೀಕ್ಷೆ ಮಾಡಿದ್ರೇನು?"

"ಮಂಗಳವಾರ ಮಾಡೀವ್ರಿ. ಹೊಸ ಲೇಔಟಿನಾಗ, ಖಾಲಿ ಡಾಂಬರಿನ ಮ್ಯಾಲ. ಎರಡೂ ಗಾಲಿ ಸರಿಸಮ ಇದ್ದುವು."

"ಇವತ್ತು ನರೋಣಾ ರಸ್ತೆಗೆ ಹೋದ್ರಿ. ಹೊಗಿ ವಾಸನಿ ಹೆಂಗಿತ್ತು?"

"ಬ್ರೇಕ್ ಸುಟ್ಟ ವಾಸನಿ, ಮತ್ತೇನ್ರಿ?"

"ನಿನಗ ಕೇಳಲಿಲ್ಲ. ಸಪ್ನಾ?"

ಸಪ್ನಾ ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡಳು. "ಬ್ರೇಕಿನ ಘಾಟು ಆಮ್ಯಾಲ ಬಂತು ಅತ್ತಿ. ಮೊದಲ... ಮನ್ಯಾಗ ತೊಗರಿ ಹುರದಂಗ ಬಂದಿತ್ತು."

"ತೊಗರಿ?" ಮುರ್ತುಜಾ ನಕ್ಕುಬಿಟ್ಟ. "ಹಸಿವಾಗಿರಬೇಕು ಕೂಸಿಗೆ."

ಸುಭದ್ರಾಬಾಯಿ ನಗಲಿಲ್ಲ. "ರಸ್ತೆ ಮ್ಯಾಲ ಏನಿತ್ತು?"

"ಏನೂ ಇಲ್ರಿ."

"ಜನವರಿ ತಿಂಗಳಾಗ, ನರೋಣಾ ರಸ್ತೆ ಮ್ಯಾಲ ಏನೂ ಇಲ್ಲ?"

"ಏನಿರ್ತದ್ರಿ, ತೊಗರಿ ಹಾಸ್ಯಾರ. ವರ್ಷಾ ಹಾಸ್ತಾರಲ್ರಿ, ಗಾಡಿ ಹಾಯ್ದು ಕಾಳು ಉದುರಲಿ ಅಂತ. ಅದೇನು ಹೇಳೋ ಮಾತೇನ್ರಿ?"

"ಯಾವ ಬಾಜು ಹಾಸಿದ್ರು?"

"ಎಡಕ್ಕ..." ಎಂದ ಮುರ್ತುಜಾ. ಅಂದವನು ಅಲ್ಲಿಗೇ ನಿಂತ.

"ಎಡಗಡಿ ಪೈಪು ಪೂರಾ ಬಿಚ್ಚು. ನೆಲಕ್ಕ ಪೇಪರ್ ಹಾಸ್ರಿ."

ಮುರ್ತುಜಾನ ಬೆರಳುಗಳಿಗೆ ಯಾಕೋ ಅವಸರವಿರಲಿಲ್ಲ. ಪೈಪು ಹೊರಬಂತು. ಸುಭದ್ರಾಬಾಯಿ ಅದನ್ನು ತಲೆಕೆಳಗು ಹಿಡಿದು ಎರಡು ಸಲ ಕೊಡವಿದರು. ತೊಗರಿ ಹೊಟ್ಟು, ಒಣ ಎಲೆ, ಕಾಯಿಯ ಸಿಪ್ಪೆ ಬುಳುಬುಳು ಸುರಿದು ಪೇಪರಿನ ಮೇಲೆ ಎರಡು ಬೊಗಸೆಯಷ್ಟು ರಾಶಿಯಾಯಿತು.

"ಎರಡೂ ತುದಿ ನೋಡೀನ್ರೀ ನಾ! ಜಾಳಿ ಸ್ವಚ್ಛ ಇತ್ತು!"

"ಇದ್ದೇ ಇರ್ತದ. ಗಾಡಿ ಓಡುವಾಗ ಗಾಳಿ ಈ ಹೊಟ್ಟನ್ನ ಜಾಳಿಗೆ ಒತ್ತಿ ಹಿಡೀತದ. ಡಿಸ್ಕಿಗೆ ಗಾಳಿ ಬಂದ್. ಜಾಳಿ ದಾಟಿದ ಪುಡಿ ಕಾದ ಡಿಸ್ಕಿಗೆ ಬಿದ್ದು ಹುರೀತದ — ಸಪ್ನಾಗ ಬಂದ ವಾಸನಿ ಅದ. ಗಾಡಿ ನಿಂತ ಕೂಡಲೇ ಎಲ್ಲಾ ಉದುರಿ ಪೈಪಿನ ನಡುವಿನ ತೆಗ್ಗಿನಾಗ ಕೂಡ್ತದ. ನೀ ಎರಡೂ ತುದಿ ನೋಡಿದಿ, ನಡುವ ನೋಡಲಿಲ್ಲ. ತಿರುಪು ಕಂಡಿತು, ಏಜಾಜ ಕಂಡ, ಅಲ್ಲಿಗೆ ನಿನ್ನ ತಪಾಸಣೆ ಮುಗೀತು." ಅವರು ಜಾಳಿಯ ತುಂಡನ್ನು ಎತ್ತಿ ಹಿಡಿದರು. "ಇದನ್ನ ಹಾಕಿದವರ್ಯಾರು?"

"ನಾನೇರಿ" ಎಂದ ಮುರ್ತುಜಾ. "ಇಪ್ಪತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡೀನಿ. ನಮ್ಮ ಕಡೆ ಜಾಳಿ ಇಲ್ಲದ ರೇಡಿಯೇಟರ್ ಇರಂಗಿಲ್ರಿ. ಗಾಳಿ ಬರೋ ತೂತು ಕಂಡ್ರ ಕೈ ತಾನ ಜಾಳಿ ಹಾಕ್ತದ."

"ಟ್ರ್ಯಾಕ್ ಮ್ಯಾಲ ತೊಗರಿ ಯಾರು ಹಾಸ್ತಾರೋ ಮುರ್ತುಜಾ?"

ಕಲ್ಯಾಣಕುಮಾರ ಕಿಸಕ್ಕನೆ ನಕ್ಕ. ಮುರ್ತುಜಾನ ಮುಖ ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡ. ಮುರ್ತುಜಾನಿಗೆ ನಾಚಿಕೆಯಲ್ಲಿ ನೆಲವೇ ಬಾಯಿ ಬಿಡಬಾರದೇ ಎನಿಸಿತು. ಕಳ್ಳನೆಂದು ಕೂಗಿದ್ದು ಯಾರನ್ನು? ಆರು ವರ್ಷ ತನ್ನ ಬೈಗುಳ ತಿಂದು ಒಂದು ದಿನವೂ ಎದುರಾಡದವನನ್ನು.

ಎರಡೂ ಜಾಳಿ ಹೊರಬಂದವು. ಕುದ್ದ ಆಯಿಲ್ ಬಸಿದು ಹೊಸದು ತುಂಬಿದರು. ಹೊಸ ಲೇಔಟಿನಲ್ಲಿ ಸಪ್ನಾ ಹತ್ತು ಸಲ ಓಡಿಸಿ ಹತ್ತು ಸಲ ಬ್ರೇಕ್ ತುಳಿದಳು. ಗನ್ನನ್ನು ಶಿವರಾಯರೇ ಹಿಡಿದರು. ಎಡ ಇನ್ನೂರಾ ಮೂವತ್ತೆಂಟು, ಬಲ ಇನ್ನೂರಾ ನಲವತ್ತು. ಅವರು ಎರಡು ಸಲ ನೋಡಿ, ಮಗಳ ತಲೆಯ ಮೇಲೆ ಕೈಯಿಟ್ಟು, "ಹೋಗಿ ಬಾ" ಎಂದರು.

ಆದರೆ ಹೋಗುವುದು ಯಾವುದರಲ್ಲಿ? ಏಜಾಜನ ಫೋನು ಸ್ವಿಚ್ ಆಫ್ ಆಗಿತ್ತು.

"ಜೇವರ್ಗಿಗೆ ನಡಿ" ಎಂದು ಮುರ್ತುಜಾ ಕಾರಿನಲ್ಲಿ ಕೂತ. ದಾರಿಯುದ್ದಕ್ಕೂ ತೊಗರಿ ಹಾಸಿದಲ್ಲೆಲ್ಲ ಸಪ್ನಾ ಸುತ್ತಿ ಬಳಸಿ ಓಡಿಸಿದಳು.

ಏಜಾಜನ ಗ್ಯಾರೇಜಿನಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಬೆಳಿಗ್ಗೆಯೂ ಇದ್ದವರೇ ಇರಬೇಕು. ಮುರ್ತುಜಾನನ್ನು ಕಂಡು ಮಾತು ನಿಲ್ಲಿಸಿದರು. ಕೈ ಗ್ರೀಸಾಗಿರುವಾಗ ಫೋನನ್ನು ಸ್ಪೀಕರಿಗೆ ಹಾಕುವುದನ್ನು ಏಜಾಜನಿಗೆ ಕಲಿಸಿದ್ದೂ ಅವನೇ. ಹಾಗಾದರೆ ಎಲ್ಲರೂ ಕೇಳಿದ್ದಾರೆ. ಮುರ್ತುಜಾ ಏಜಾಜನನ್ನು ಒಳಗೆ ಕರೆದುಕೊಂಡು ಹೋಗಿ ಹೇಳಲಿಲ್ಲ. ಅಲ್ಲೇ, ಅವರೆಲ್ಲರ ನಡುವೆ ನಿಂತ.

"ತಪ್ಪು ನಂದು ಏಜಾಜ. ಜಾಳಿ ಹಾಕಿದಾಂವ ನಾ. ಕಳ್ಳ ಅಂದಿದ್ದು ನಿನಗ. ಮಾಫ್ ಮಾಡು."

ಏಜಾಜ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಅವನ ಕಣ್ಣು ತುಂಬಿ ಬಂದಿತ್ತು.

"ಜಾಳಿ ನಾ ನಿನ್ನೆನೇ ನೋಡಿದ್ದೆ ಉಸ್ತಾದ್. ಪಟ್ಟಿ ಸಡಿಲಿತ್ತು, ಬಿಗಿ ಮಾಡಿದೆ. ಜಾಳಿ ಬ್ಯಾಡ ಅನ್ನಬೇಕಂದೆ. ನಿಮಗ ಹೇಳೋ ಧೈರ್ಯ ಆಗಲಿಲ್ಲ."

ಬೆಳಗಿನಿಂದ ಹುಡುಕಿದ ತಪ್ಪಿನ ಬೇರು ಜಾಳಿಯಲ್ಲಲ್ಲ, ತನ್ನ ಬೈಗುಳದ ಬಾಯಲ್ಲಿತ್ತೆಂದು ಮುರ್ತುಜಾನಿಗೆ ಆಗ ಕಂಡಿತು.

"ಇನ್ನ ಮ್ಯಾಲ ಹೇಳು" ಎಂದ.

"ಈಗ ಹೇಳಲೇನ್ರಿ?"

"ಹೇಳು."

ಏಜಾಜ ಕಾರಿನ ಬಲಗಾಲಿಯತ್ತ ಬೊಟ್ಟು ಮಾಡಿದ. "ಸ್ಟೇರಿಂಗ್ ಪೂರಾ ತಿರುಗಿಸಿದ್ರ ಬಲಗಡಿ ಪೈಪು ಟೈರಿಗೆ ತಗಲತದ್ರಿ. ಐದು ಸುತ್ತಿನಾಗ ಹರೀತದ."

ಮುರ್ತುಜಾನ ನಾಲಿಗೆಯ ತುದಿಗೆ ಒಂದು ಖಾರದ ಮಾತು ಬಂದಿತ್ತು. ಅವನು ಅದನ್ನು ನುಂಗಿ, ಅಂಗಿಯ ತೋಳು ಮಡಚಿ, ಬಲಗಾಲಿಯ ಮುಂದೆ ಮೊಣಕಾಲೂರಿ ಕೂತ. ಸಪ್ನಾ ಸ್ಟೇರಿಂಗ್ ತಿರುಗಿಸಿದಳು.

"ಖರೆ ಅದ" ಎಂದ ಮುರ್ತುಜಾ. "ಹೆಂಗ ಕಟ್ಟೂದು, ನೀನ ತೋರಿಸು."

ಏಜಾಜ ನಟ್ಟು ಬಿಗಿಯುವ ಪಾನಾ ಹಿಡಿದು ಅವನ ಪಕ್ಕದಲ್ಲಿ ಕೂತ.